ಹಳೆ ಯೆಜ್ಡಿಗೆ ಗ್ಯಾಸ್ ಶಾಕ್: ಎರಡು ಮಳೆಗಾಲ ಓಡಿಸಿದ ಮೇಲೆ

ನನ್ನದು ಯೆಜ್ಡಿ ರೋಡ್‌ಕಿಂಗ್ ಬೈಕು. ಪುಣೆಯ ಹಿಂದಿನ ಮಾಲೀಕರು ಅದನ್ನು ಮೋಟೋಕ್ರಾಸ್‌ಗೆ, ಅಂದರೆ ಮಣ್ಣಿನ ಉಬ್ಬು ತಗ್ಗಿನ ದಾರಿಯ ರೇಸಿಗೆ ಅಂತಲೇ ತಯಾರು ಮಾಡಿಸಿದ್ದರು. ಚೈನ್ ಕವರ್ ಇಲ್ಲ, ಅಗಲ ಹ್ಯಾಂಡಲ್, ಬಟನ್ ಟೈರ್. ಎಂಜಿನ್ ಗಟ್ಟಿಯಾಗಿತ್ತು, ಹಿಂದಿನ ಶಾಕ್‌ಗಳು (ಶಾಕ್ ಅಬ್ಸಾರ್ಬರ್) ಮಾತ್ರ ಸತ್ತು ಹೋಗಿದ್ದವು. ಅವನ್ನು ತೆಗೆದು ಗ್ಯಾಸ್ ಶಾಕ್ ಹಾಕಿಸಿ ಎರಡು ಮಳೆಗಾಲ ಕಳೆಯಿತು. ಹಾಕಿಸಿದ್ದು ಒಳ್ಳೆಯದೇ ಆಯಿತು. ಆದರೆ ಅದರ ಗುಣ ಗೊತ್ತಾಗಿದ್ದು ಸ್ಪ್ರಿಂಗ್ ನನ್ನ ತೂಕಕ್ಕೆ ಹೊಂದಿದ ಮೇಲೆ. ಮೇಕ್ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಯಾವ ಮೇಕ್ ತಗೊಂಡರೂ ಕೆಳಗೆ ಹೇಳುವ ಅಳತೆಗಳನ್ನು ನೋಡಲೇಬೇಕು.

ಹಳೆ ಶಾಕ್‌ನಲ್ಲಿ ಎಣ್ಣೆ, ಗಾಳಿ ಎರಡೂ ಒಂದೇ ಕೊಳವೆಯಲ್ಲಿ ಇರುತ್ತವೆ. ಉಬ್ಬು ತಗ್ಗಿನಲ್ಲಿ ಒಂದೇ ಸಮನೆ ಕುಲುಕಿದರೆ ಎಣ್ಣೆ ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ. ಅದಕ್ಕೇ ಮೊದಲ ಸುತ್ತಿನಲ್ಲಿ ಸರಿಯಾಗಿದ್ದ ಗಾಡಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕುಣಿಯಲು ಶುರು ಮಾಡುತ್ತದೆ. ಗ್ಯಾಸ್ ಶಾಕ್‌ನಲ್ಲಿ ನೈಟ್ರೋಜನ್ ಒತ್ತಡ ಎಣ್ಣೆಯನ್ನು ಒತ್ತಿ ಹಿಡಿದಿರುತ್ತದೆ, ನೊರೆ ಏಳುವುದು ತುಂಬಾ ಕಡಿಮೆ. ಕೊನೆಯ ಸುತ್ತಿನವರೆಗೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ನನಗೆ ಇದೇ ದೊಡ್ಡ ಲಾಭ. ಥ್ರಾಟಲ್ ಕೊಟ್ಟರೆ ಗಾಡಿ ಮುಂದಕ್ಕೆ ಹೋಗುತ್ತದೆ, ಟೈರ್ ಗಾಳಿಯಲ್ಲಿ ತಿರುಗಿ ಶಕ್ತಿ ಹಾಳಾಗುವುದಿಲ್ಲ.

ಮೊದಲು ನೋಡಬೇಕಾದದ್ದು ಉದ್ದ. ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಅಳೆಯಿರಿ. ನನ್ನ ಗಾಡಿಯಲ್ಲಿ 330 ಮಿ.ಮೀ. ಬಂತು. ನಿಮ್ಮದು ಬೇರೆ ಇರಬಹುದು, ಯಾರ್ಯಾರೋ ಬೆಸುಗೆ ಹಾಕಿದ ಫ್ರೇಮುಗಳಿವು. ಉದ್ದದ ಶಾಕ್ ಹಾಕಿದರೆ ಜಂಪ್ ಚೆನ್ನಾಗಿ ಆಗುತ್ತೆ ಅಂತ ಕೆಲವರು ಹೇಳುತ್ತಾರೆ. ಹಿಂಭಾಗ 20 ಮಿ.ಮೀ. ಮೇಲೆದ್ದರೆ ಮುಂದಿನ ಫೋರ್ಕ್ ಸುಮಾರು 1 ಡಿಗ್ರಿ ನೆಟ್ಟಗಾಗುತ್ತದೆ. ತಿರುವಿನಲ್ಲಿ ಗಾಡಿ ಚುರುಕಾಗುತ್ತದೆ, ನಿಜ. ನೇರ ದಾರಿಯಲ್ಲಿ ಹ್ಯಾಂಡಲ್ ನಡುಗುತ್ತದೆ. ಚೈನಿನ ಬಿಗಿಯೂ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬೋಲ್ಟು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಸಡಿಲ ನೋಡಬೇಕಾದದ್ದು ಆ ಜಾಗದಲ್ಲಿ, ಸ್ಟ್ಯಾಂಡ್ ಮೇಲೆ ನಿಂತಾಗ ಅಲ್ಲ. ನಾನು 330ಕ್ಕೇ ನಿಂತೆ.

ಬುಶ್, ಅಂದರೆ ಶಾಕ್‌ನ ತೂತಿನಲ್ಲಿ ಕೂರುವ ರಬ್ಬರ್ ಮತ್ತು ಅದರೊಳಗಿನ ಸ್ಟೀಲ್ ಸ್ಲೀವ್, ಇದರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೊಸ ಶಾಕ್‌ನ ತೂತಿಗೂ ಅದನ್ನು ಸಿಕ್ಕಿಸುವ ಫ್ರೇಮಿನ ಸ್ಟಡ್‌ಗೂ ಹೊಂದಲಿಲ್ಲ. ಪುಣೆಯ ನಾನಾ ಪೇಠ್ ಬಡಾವಣೆಯ ಅಂಗಡಿಗಳಲ್ಲಿ ಸಿಕ್ಕ ಸ್ಲೀವ್‌ಗಳೂ ಸಡಿಲ. ಕೊನೆಗೆ ಭೋಸರಿಯ ಒಂದು ಲೇಥ್ ಶೆಡ್‌ಗೆ ಹೋದೆ. ಅಲ್ಲಿ ಕೆಲಸ ಮಾಡುವವರು ವಿಜಯಪುರದ ಕಡೆಯವರು. ನನ್ನ ಮೈಸೂರು ಕನ್ನಡ ಕೇಳಿದ್ದೇ ಮೆಷಿನ್ ನಿಲ್ಲಿಸಿ ಬಂದರು. ಸ್ಟಡ್ಡನ್ನು ವರ್ನಿಯರ್‌ನಲ್ಲಿ ಎರಡು ಕಡೆ ಅಳೆದರು. ಆಮೇಲೆ ಹೇಳಿದರು: "ಸರ, ಸ್ಲೀವ್ ರಬ್ಬರ್‌ಗಿಂತ ಅರ್ಧ ಮಿಲಿ ಉದ್ದ ಇರ್ಲಿ. ಇಲ್ಲಾಂದ್ರ ನಟ್ ಬಿಗಿ ಮಾಡಿದ ಕೂಡ್ಲೆ ರಬ್ಬರ್ ಹಿಂಡಿ ಹೋಗ್ತದ." ಅವರು ಹೇಳಿದ್ದೇ ಸರಿ. ನಟ್ಟಿನ ಬಿಗಿ ಸ್ಟೀಲ್ ಮೇಲೆ ಬಿದ್ದು ರಬ್ಬರ್‌ಗೆ ತಿರುಗಲು ಜಾಗ ಉಳಿಯಿತು. ಅವರು ಮಾಡಿಕೊಟ್ಟ ಬುಶ್‌ಗಳಿಂದ ಇವತ್ತಿಗೂ ಟಕ್ ಅನ್ನುವ ಸದ್ದಿಲ್ಲ.

ಇನ್ನು ಸ್ಪ್ರಿಂಗ್. "ಒಂದೇ ಸ್ಪ್ರಿಂಗ್ ಎಲ್ಲರಿಗೂ ನಡೆಯುತ್ತೆ, ಪ್ರೀಲೋಡ್ ತಿರುಗಿಸಿಕೊಳ್ಳಿ" ಎಂದು ಮಾರಿದವರು ಹೇಳಿದರು. ಇದನ್ನು ನಂಬಬೇಡಿ. ಪ್ರೀಲೋಡ್ ಅಂದರೆ ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಇಡುವುದು. ಅದನ್ನು ತಿರುಗಿಸಿದರೆ ಗಾಡಿ ಎತ್ತರ ಆಗುತ್ತದೆ ಅಷ್ಟೇ, ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ. ಹಿಂದಿನ ಚಕ್ರ ಎತ್ತಿ ಹಿಡಿದು ಆಕ್ಸಲ್‌ನಿಂದ ಮಡ್‌ಗಾರ್ಡಿನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಬೂಟು, ಹೆಲ್ಮೆಟ್ ಎಲ್ಲಾ ಹಾಕಿಕೊಂಡು ಕೂತು, ಗೆಳೆಯರಿಂದ ಮತ್ತೆ ಅಳೆಸಿ. ಎರಡು ಅಳತೆಗಳ ವ್ಯತ್ಯಾಸವೇ ಕುಸಿತ. ಚಕ್ರ ಮೇಲೆ ಕೆಳಗೆ ಆಡುವ ಪೂರ್ತಿ ಚಲನೆಯ ಮೂರನೇ ಒಂದು ಭಾಗ ಕುಸಿಯಬೇಕು. ನನ್ನದು 90 ಮಿ.ಮೀ. ಚಲನೆ, ಅಂದರೆ 30 ಸರಿ. ಜೊತೆಗೆ ಬಂದ ಸ್ಪ್ರಿಂಗ್‌ನಲ್ಲಿ ಪ್ರೀಲೋಡ್ ಕೊನೆಯವರೆಗೆ ಬಿಗಿ ಮಾಡಿದರೂ 42 ಕುಸಿಯುತ್ತಿತ್ತು. ಒಂದು ಹಂತ ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ 31ಕ್ಕೆ ಬಂತು. ಗಾಡಿಯೇ ಬೇರೆ ಅನ್ನಿಸಿತು.

ಮೋನೋಶಾಕ್ (ಹಿಂದೆ ಎರಡರ ಬದಲು ಒಂದೇ ಶಾಕ್) ಮಾಡಿಸಿಬಿಡಿ ಅಂತಲೂ ಸಲಹೆ ಬರುತ್ತದೆ. 1973ರಲ್ಲಿ ಸ್ವೀಡನ್‌ನ ಹಾಕನ್ ಆಂಡರ್‌ಸನ್ ಯಮಾಹಾದ ಮೋನೋಶಾಕ್ ಗಾಡಿಯಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ ಮೇಲೆ ಮೋಟೋಕ್ರಾಸ್ ದಾರಿಯೇ ಬದಲಾಯಿತು, ಒಪ್ಪುತ್ತೇನೆ. ಆದರೆ ಈ ಗಾಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಮೋನೋಶಾಕ್‌ಗೋಸ್ಕರ ಇರುವ ಫ್ರೇಮಿಗೆ ಕಟ್ಟರ್ ಹಾಕಲು ನನಗೆ ಮನಸ್ಸಿಲ್ಲ. ಗ್ಯಾಸ್ ಶಾಕ್ ಬಿಚ್ಚಿದರೆ ಗಾಡಿ ಮೊದಲಿನಂತೆಯೇ ಉಳಿದಿರುತ್ತದೆ.

ಮಳೆಗಾಲವೇ ಇದಕ್ಕೆ ನಿಜವಾದ ಪರೀಕ್ಷೆ. ಮುಳಶಿ ಕಡೆಯ ಕೆಂಪು ಮಣ್ಣು ಶಾಕ್‌ನ ರಾಡ್‌ಗೆ ಅಂಟಿ ಒಣಗಿದರೆ ಎಣ್ಣೆ ತಡೆಯುವ ಸೀಲ್ ಕೊರೆಯುತ್ತದೆ. ಮೊದಲ ಮಳೆಗಾಲ ಮುಗಿದಾಗ ಎಡಗಡೆಯ ಶಾಕ್‌ನಲ್ಲಿ ಎಣ್ಣೆ ಜಿನುಗಿತು. ಸೀಲ್ ಬದಲಿಸಿ ನೈಟ್ರೋಜನ್ ತುಂಬಿಸಿದೆ. ಸೈಕಲ್ ಟ್ಯೂಬ್ ಕತ್ತರಿಸಿ ರಾಡ್‌ಗೆ ತೋಳು ಹಾಕಿದ ಮೇಲೆ ಎರಡನೇ ಮಳೆಗಾಲ ಏನೂ ತೊಂದರೆ ಇಲ್ಲದೆ ಕಳೆಯಿತು. ಓಡಿಸಿ ಬಂದ ದಿನವೇ ತೊಳೆಯಿರಿ, ಜೋರು ನೀರಿನ ಪೈಪು ಸೀಲ್‌ಗೆ ನೇರ ಹಿಡಿಯಬೇಡಿ.

ಕೊಳ್ಳುವಾಗ ಕ್ಲಿಕ್ಕರ್ (ಶಾಕ್‌ನ ತಡೆ ಹೆಚ್ಚು ಕಡಿಮೆ ಮಾಡುವ ತಿರುಪು) ಎಷ್ಟು, ಬಣ್ಣ ಯಾವುದು ಅಂತ ನೋಡುವ ಮೊದಲು ಎರಡು ವಿಷಯ ಕೇಳಿ. ಬಿಚ್ಚಿ ಸೀಲ್ ಬದಲಿಸಲು ಆಗುತ್ತಾ? ನಿಮ್ಮ ತೂಕದ ಸ್ಪ್ರಿಂಗ್ ಬೇರೆಯಾಗಿ ಸಿಗುತ್ತಾ? ಎರಡಕ್ಕೂ ಹೌದು ಅಂದರೆ ಮಾತ್ರ ದುಡ್ಡು ಕೊಡಿ.