ಮಂಕಾದ ಮಾನಿಟರ್‌ಗೆ ಎಲ್‌ಇಡಿ ಬ್ಯಾಕ್‌ಲೈಟ್ ಕಿಟ್: ಹಾಕಿ ನೋಡಿದ ಮೇಲೆ

ಹಳೆಯ ಮಾನಿಟರ್‌ನಲ್ಲಿ ಸ್ಕ್ರೀನಿನ ಹಿಂದೆ ಬೆಳಕು ಕೊಡುವ ಕೊಳವೆ ಮುದಿಯಾದಾಗ ಅದರ ಬದಲು ಹಾಕಲು ಆನ್‌ಲೈನ್‌ನಲ್ಲಿ ಸಿಗುವ ಈ ಎಲ್‌ಇಡಿ ಬ್ಯಾಕ್‌ಲೈಟ್ ಕಿಟ್ ತಗೊಳ್ಳಬಹುದಾ ಅಂದರೆ, ಧಾರಾಳವಾಗಿ ತಗೊಳ್ಳಿ. ಆದರೆ ನಿಮ್ಮ ಮಾನಿಟರ್‌ಗೆ ಬಂದಿರುವ ಕಾಯಿಲೆ ಅದೇನಾ ಅಂತ ಮೊದಲು ನೋಡಿಕೊಳ್ಳಿ. ನನಗೆ 500 ರೂಪಾಯಿ ಒಳಗೇ ಬಂತು. 540 ಮಿಲಿಮೀಟರ್ ಉದ್ದದ ಎರಡು ಎಲ್‌ಇಡಿ ಪಟ್ಟಿ, ಅವುಗಳಿಗೆ ಕರೆಂಟ್ ಕೊಡುವ ಒಂದು ಪುಟ್ಟ ಡ್ರೈವರ್ ಬೋರ್ಡ್, ಒಂದಿಷ್ಟು ವೈರ್, ಅಷ್ಟೇ. ಬ್ರ್ಯಾಂಡ್ ಹೆಸರಿಲ್ಲ, ಡಬ್ಬಿಯೂ ಇಲ್ಲ, ಬಬಲ್ ಕವರ್‌ನಲ್ಲಿ ಸುತ್ತಿ ಕಳಿಸುತ್ತಾರೆ.

ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಅಲ್ಲಿರುವುದು 19 ಇಂಚಿನ ಚೌಕ ಮಾನಿಟರ್, 1280 × 1024. ನುಡಿ ತಂತ್ರಾಂಶದಲ್ಲಿ ಅರ್ಜಿ, ಕರಾರು ಪತ್ರ ಟೈಪ್ ಮಾಡುವವರಿಗೆ ಈ ಎತ್ತರದ ಸ್ಕ್ರೀನ್ ಬಿಟ್ಟುಕೊಡಲು ಮನಸ್ಸೇ ಬರುವುದಿಲ್ಲ, ಯಾಕೆಂದರೆ ಅಗಲದ ಮಾನಿಟರ್‌ನಲ್ಲಿ ಎ4 ಹಾಳೆಯ ಎರಡೂ ಪಕ್ಕ ಜಾಗ ಖಾಲಿ ಬಿದ್ದಿರುತ್ತದೆ, ಮೇಲೆ ಕೆಳಗೆ ಮಾತ್ರ ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋಯುತ್ತದೆ. ಬೆಳಿಗ್ಗೆ ಆನ್ ಮಾಡಿದರೆ ಸ್ಕ್ರೀನ್ ಕೆಂಪು ಕೆಂಪಾಗಿ ಬರುತ್ತಿತ್ತು. ಸ್ವಲ್ಪ ಹೊತ್ತು ಕಾದರೆ ಮಂಕು ಹಳದಿಗೆ ತಿರುಗುತ್ತಿತ್ತು. ಬ್ರೈಟ್‌ನೆಸ್ 100 ಇಟ್ಟರೂ ಅಷ್ಟೇ. ಮದುವೆ ಕಾರ್ಡ್ ಡಿಸೈನ್ ತೋರಿಸುವಾಗ ಕ್ರೀಮ್ ಬಣ್ಣ ಯಾವುದು, ತಿಳಿ ಹಳದಿ ಯಾವುದು ಅಂತ ನಮಗೇ ಗೊತ್ತಾಗುತ್ತಿರಲಿಲ್ಲ, ಇನ್ನು ಗಿರಾಕಿಗೆ ಏನು ಹೇಳುವುದು? ರಿಪೇರಿಯವರೊಬ್ಬರು ಒಂದು ಸ್ಕ್ರೂ ಕೂಡ ಬಿಚ್ಚದೆ "ಪ್ಯಾನೆಲ್ ಹೋಗಿದೆ, ಬಿಸಾಕಿ ಹೊಸದು ತಗೊಳ್ಳಿ" ಅಂದರು. ಪ್ಯಾನೆಲ್‌ಗೆ, ಅಂದರೆ ಚಿತ್ರ ಮೂಡಿಸುವ ಗಾಜಿಗೆ, ಏನೂ ಆಗಿರಲಿಲ್ಲ.

ಅದನ್ನು ಕಂಡುಹಿಡಿಯಲು ಯಾವ ಮಿಷಿನ್ನೂ ಬೇಡ. ಮಾನಿಟರ್‌ನ ಬಟನ್ ಒತ್ತಿ ಅದರ ಸ್ವಂತ ಮೆನು ತನ್ನಿ. ಆ ಮೆನು ಮಾನಿಟರ್ ಒಳಗೇ ತಯಾರಾಗುವುದು, ಕಂಪ್ಯೂಟರ್‌ನಿಂದ ಬರುವುದಲ್ಲ. ಮೆನುವಿನ ಬಿಳಿ ಅಕ್ಷರ ಸರಿಯಾಗಿದ್ದು ಉಳಿದದ್ದು ಮಾತ್ರ ಹಳದಿಯಾಗಿದ್ದರೆ ಕೇಬಲ್ ಕಡೆ ನೋಡಿ. ವಿಜಿಎ ಕೇಬಲ್‌ನಲ್ಲಿ 1, 2, 3ನೇ ಪಿನ್ ಕೆಂಪು, ಹಸಿರು, ನೀಲಿ ಬಣ್ಣದವು. ನೀಲಿಯ ಪಿನ್ ಬಗ್ಗಿದರೆ ಅಥವಾ ಲೂಸ್ ಆದರೆ ಬಿಳಿ ಎಲ್ಲಾ ಹಳದಿಯಾಗುತ್ತದೆ. ಹಸಿರು ಹೋದರೆ ನೇರಳೆಗೆಂಪು, ಕೆಂಪು ಹೋದರೆ ಹಸಿರು ಬೆರೆತ ನೀಲಿ. ವಿಂಡೋಸ್‌ನಲ್ಲಿ ಸ್ಕ್ರೀನನ್ನು ಹಳದಿ ಮಾಡುವ ನೈಟ್ ಲೈಟ್ ಆನ್ ಆಗಿದೆಯಾ ಅಂತಲೂ ಒಮ್ಮೆ ನೋಡಿಬಿಡಿ, ನಗಬೇಡಿ, ಅದಕ್ಕೇ ಮಾನಿಟರ್ ಹೊತ್ತುಕೊಂಡು ರಿಪೇರಿಗೆ ಬರುವವರಿದ್ದಾರೆ. ನಮ್ಮದರಲ್ಲಿ ಮೆನುವೂ ಹಳದಿ, ಕೇಬಲ್ ಬದಲಾಯಿಸಿದರೂ ಹಳದಿ, ಅಂದರೆ ಕೆಟ್ಟಿದ್ದು ಹಿಂದಿನ ಬೆಳಕೇ. ಪೂರ್ತಿ ಕಪ್ಪಾಗಿರುವ ಮಾನಿಟರ್ ಆದರೆ ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಐಕಾನ್‌ಗಳು ಮಸುಕಾಗಿ ಕಂಡರೆ ಪ್ಯಾನೆಲ್ ಬದುಕಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ.

ನಮ್ಮದರಂಥ ಹಳೆಯ ಮಾನಿಟರ್‌ಗಳ ಒಳಗೆ ಬೆಳಕು ಕೊಡುವುದು ಸಿಸಿಎಫ್‌ಎಲ್ ಅನ್ನುವ ಗಾಜಿನ ಕೊಳವೆ. ಮನೆಯ ಟ್ಯೂಬ್‌ಲೈಟಿನ ಹಾಗೆಯೇ ಒಳಗೆ ಪಾದರಸದ ಆವಿ, ಗೋಡೆಗೆ ಫಾಸ್ಫರ್ ಲೇಪ. ದಪ್ಪ ಮಾತ್ರ ಎರಡು ಮೂರು ಮಿಲಿಮೀಟರ್. ವಯಸ್ಸಾದಂತೆ ತುದಿಗಳು ಕಪ್ಪಾಗುತ್ತವೆ, ಬೆಳಕು ಇಳಿಯುತ್ತದೆ, ಬಣ್ಣ ಕೆಡುತ್ತದೆ. ತಣ್ಣಗಿರುವಾಗ ಕೆಂಪಾಗಿ ಹತ್ತುವುದು ಮುದಿ ಕೊಳವೆಯ ಪಕ್ಕಾ ಲಕ್ಷಣ. ಆನ್ ಆಗಿ ಒಂದೆರಡು ಸೆಕೆಂಡಿಗೆ ಕಪ್ಪಾಗುತ್ತಿದ್ದರೆ ಪವರ್ ಬೋರ್ಡ್ ಬಿಚ್ಚಿ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಕಾರಣ ಅದೇ ಆದರೆ ಈ ಕಿಟ್ ಬೇಕಾಗಿಲ್ಲ, ಕೆಲವೇ ರೂಪಾಯಿಯ ಕೆಪಾಸಿಟರ್ ಸಾಕು. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ.

ಇನ್ನು ಕಿಟ್ ಹಾಕುವ ಕೆಲಸ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಯಾಕೆಂದರೆ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ಉಳಿದಿರುತ್ತದೆ, ಮುಟ್ಟಿದರೆ ಕೈ ಜುಂ ಅನ್ನುವುದಕ್ಕಷ್ಟೇ ನಿಲ್ಲುವುದಿಲ್ಲ. ಪ್ಯಾನೆಲ್‌ನ ಮೇಲಂಚು, ಕೆಳಅಂಚಿನಲ್ಲಿ ಕೊಳವೆಗಳು ಕೂತಿರುವ ಲೋಹದ ಚಾನೆಲ್ ಇರುತ್ತದೆ. ಅದನ್ನು ಮೆಲ್ಲಗೆ ಎಳೆದು ಕೊಳವೆ ಬಿಡಿಸಿ. ನಮ್ಮ ಕೊಳವೆಗಳ ತುದಿ ಎರಡು ಬೆರಳಿನಷ್ಟು ಕಪ್ಪಾಗಿತ್ತು. ಒಡೆದರೆ ಪಾದರಸ, ಹುಷಾರು. ಕಿಟಕಿ ತೆಗೆದಿಟ್ಟುಕೊಂಡು ಕೂರಿ. 19 ಇಂಚಿನ ಚೌಕ ಸ್ಕ್ರೀನಿನ ಅಗಲ ಸುಮಾರು 376 ಮಿಲಿಮೀಟರ್, ಹಾಗಾಗಿ ಪಟ್ಟಿಯನ್ನು ಕತ್ತರಿಸಬೇಕು. ಪ್ರತಿ ಮೂರು ಎಲ್‌ಇಡಿಗೆ ಒಂದು ಗೆರೆ ಇರುತ್ತದೆ, ಅಲ್ಲೇ ಕತ್ತರಿ ಆಡಿಸಬೇಕು. ಮಧ್ಯದಲ್ಲಿ ಕತ್ತರಿಸಿದರೆ ಆ ಗುಂಪು ಹತ್ತುವುದಿಲ್ಲ.

ಡ್ರೈವರ್ ಬೋರ್ಡಿಗೆ ನಾಲ್ಕು ವೈರ್: ವೋಲ್ಟೇಜ್, ಗ್ರೌಂಡ್, ಆನ್ ಮಾಡುವ ಸಿಗ್ನಲ್, ಬ್ರೈಟ್‌ನೆಸ್ ಸಿಗ್ನಲ್. ಕೊನೆಯ ಎರಡು ಮಾನಿಟರ್‌ನ ಮೇನ್ ಬೋರ್ಡಿನಿಂದ ಹಳೆಯ ಇನ್ವರ್ಟರ್‌ಗೆ (ಕೊಳವೆಗಳಿಗೆ ಹೈ ವೋಲ್ಟೇಜ್ ಕೊಡುವ ಸರ್ಕ್ಯೂಟ್) ಹೋಗುತ್ತಿದ್ದ ವೈರ್‌ಗಳಲ್ಲೇ ಇರುತ್ತವೆ. ಬಹಳಷ್ಟು ಬೋರ್ಡ್‌ಗಳಲ್ಲಿ ಕನೆಕ್ಟರ್ ಪಕ್ಕ ಹೆಸರು ಬರೆದಿರುತ್ತದೆ, ಇಲ್ಲದಿದ್ದರೆ ಮಲ್ಟಿಮೀಟರ್ ಹಿಡಿಯಲೇಬೇಕು. ನಾನು ಇನ್ವರ್ಟರ್ ಭಾಗದ ಸಣ್ಣ ಫ್ಯೂಸ್ ತೆಗೆದು, ಅದರ ಸಪ್ಲೈ ಕಡೆಯಿಂದಲೇ ವೋಲ್ಟೇಜ್ ತಗೊಂಡೆ. ಹೀಗೆ ಮಾಡಿದರೆ ಇನ್ವರ್ಟರ್ ಸುಮ್ಮನಾಗುತ್ತದೆ, ಮಾನಿಟರ್ ಬಟನ್‌ನಿಂದಲೇ ಬೆಳಕು ಆನ್ ಆಫ್ ಆಗುತ್ತದೆ. ಬೆಸುಗೆ ಹಾಕಲು ಬರದವರು ಕಿಟ್ ತರಿಸಿ ಟಿವಿ ರಿಪೇರಿಯವರ ಕೈಗೆ ಕೊಡುವುದೇ ವಾಸಿ.

ಕಿಟ್ ಬಗ್ಗೆ ಬೈಯುವುದಿದ್ದರೆ ಮೊದಲನೆಯದು ಪಟ್ಟಿಯ ಹಿಂದಿನ ಟೇಪ್. ಬಿಸಿಗೆ ಬಿಟ್ಟುಕೊಳ್ಳುತ್ತದೆ, ಪಟ್ಟಿ ಒಂದು ಕಡೆ ವಾಲುತ್ತದೆ, ಸ್ಕ್ರೀನಿನ ಆ ಮೂಲೆಯಲ್ಲಿ ನೆರಳು ಬೀಳುತ್ತದೆ. ನಾನು ಅದನ್ನು ಕಿತ್ತು ಒಳ್ಳೆಯ ತೆಳು ಡಬಲ್ ಟೇಪ್ ಹಾಕಿದೆ. ಇನ್ನೊಂದು, ಬ್ರೈಟ್‌ನೆಸ್ ಸೊನ್ನೆಗೆ ಇಳಿಸಿದರೂ ರಾತ್ರಿ ಹೊತ್ತು ಕಣ್ಣಿಗೆ ಜಾಸ್ತಿಯೇ. ಅಂಗಡಿಗೆ ಪರವಾಗಿಲ್ಲ, ಮನೆಯಲ್ಲಿ ಕಷ್ಟ. ಕೆಳಗಿನ ಅಂಚಿನಲ್ಲಿ ಎಲ್‌ಇಡಿಗಳ ಚುಕ್ಕಿ ಚುಕ್ಕಿ ಬೆಳಕು ಸ್ವಲ್ಪ ಗೊತ್ತಾಗುತ್ತದೆ, ಆದರೆ ಹುಡುಕಿದರೆ ಮಾತ್ರ. ಬಿಳಿ ಈಗ ತುಸು ನೀಲಿ ಕಡೆ ವಾಲಿದೆ. ಮೆನುವಿನಲ್ಲಿ ಯೂಸರ್ ಕಲರ್‌ಗೆ ಹೋಗಿ ನೀಲಿಯನ್ನು ಇಳಿಸಿ, ಪಕ್ಕದಲ್ಲಿ ಪ್ರಿಂಟ್ ಆದ ಕಾರ್ಡ್ ಹಿಡಿದು ಸರಿಮಾಡಿಕೊಂಡೆ. ಪ್ರಿಂಟಿಂಗ್‌ಗೆ ಬೇಕಾದ ಕರಾರುವಾಕ್ಕಾದ ಬಣ್ಣ ಇದರಲ್ಲಿ ನಿರೀಕ್ಷಿಸಬೇಡಿ.

ಬೆಳಕಿನ ವಿಷಯಕ್ಕೆ ಮಾತ್ರ ಮಾತೇ ಇಲ್ಲ. ಆನ್ ಮಾಡಿದ ಕೂಡಲೇ ಪೂರ್ತಿ ಬೆಳಕು, ಕಾಯುವ ಗೋಜಿಲ್ಲ, ಹಿಂಬದಿ ಬಿಸಿಯೂ ಕಡಿಮೆ.

ಸ್ಕ್ರೀನಿನಲ್ಲಿ ಒಂದು ಕಡೆ ಮಾತ್ರ ಹಳದಿ ಕಲೆ ಇದ್ದರೆ ಈ ಕಿಟ್‌ಗೆ ದುಡ್ಡು ಹಾಕಬೇಡಿ. ಅದು ಬಿಸಿಗೆ ಒಳಗಿನ ಹಾಳೆಗಳೋ ಗಾಜಿಗೆ ಅಂಟಿಸಿರುವ ಪೋಲರೈಸರ್ ಫಿಲ್ಮೋ ಕೆಟ್ಟಿರುವುದು, ಹಿಂದೆ ಎಷ್ಟೇ ಬಿಳಿ ಬೆಳಕು ಹಾಕಿದರೂ ಕಲೆ ಹಾಗೇ ಇರುತ್ತದೆ. ನಿಂತ ಗೆರೆಗಳು, ಒಡೆದ ಗಾಜು ಇದ್ದರಂತೂ ಕೇಳಲೇಬೇಡಿ. ಉಳಿದವರಿಗೆ, ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಕಟ್ ಮಾಡಿದ್ದು ಆ ಟೇಪಿಗೆ.