ಶಿರಸಿಯ ಜೋನಿಬೆಲ್ಲದ ಅಂಗಡಿ: ರುಚಿಗೆ ಪೂರ್ತಿ ಅಂಕ, ಪಾರ್ಸೆಲ್ ಮಾತ್ರ ಗೋವಾಕ್ಕೆ ಹೋಗಲ್ಲ

ಶಿರಸಿಗೆ ಹೋದರೆ ಮಾರಿಕಾಂಬಾ ಗುಡಿ ಹತ್ತಿರದ ಈ ಸಣ್ಣ ಅಂಗಡಿಗೆ ಹೋಗದೆ ನಾನು ಕಾರವಾರದ ಬಸ್ ಹತ್ತುವುದಿಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಜೋನಿಬೆಲ್ಲ ಅಂದರೆ ದ್ರವ ಬೆಲ್ಲ, ತೊಡದೇವು ಎಂಬ ತೆಳು ಸಿಹಿತಿಂಡಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ. ಇಷ್ಟೇ ಸಾಮಾನು.

ಜೋನಿಬೆಲ್ಲ ತುಂಬಾ ಚೆನ್ನಾಗಿದೆ. ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ಮುಗಿದ ಹೊಸತರಲ್ಲಿ ಹೋಗಿ. ಕೆಂಪು ಕಂದು ಬಣ್ಣ, ಚಮಚ ಎತ್ತಿದರೆ ಎಳೆ ಕಡಿಯದೆ ಇಳಿಯುತ್ತದೆ. ತಳದಲ್ಲಿ ಸಣ್ಣ ಹರಳು ಕೂತಿರುತ್ತದೆ. ಬಿಸಿ ತೆಳ್ಳೇವಿನ (ತೆಳು ದೋಸೆಯ) ಮೇಲೆ ತುಪ್ಪದ ಜೊತೆ ಹಾಕಿಕೊಂಡರೆ ಕಬ್ಬಿನ ಹಾಲಿನ ಪರಿಮಳ ಬರುತ್ತದೆ. ದೊಡ್ಡ ಕಂಪನಿಗಳ ಬಾಟಲಿಯಲ್ಲಿ ನನಗೆ ಸಿಹಿ ಸಿಕ್ಕಿದೆ, ಈ ಪರಿಮಳ ಸಿಕ್ಕಿಲ್ಲ. ತೊಡದೇವು ಗರಿಗರಿ. ಉಪ್ಪಿನಕಾಯಿಗೆ ಉಪ್ಪು ಸ್ವಲ್ಪ ಜಾಸ್ತಿ. ಬಾಟಲಿ ಮುಚ್ಚಳ ಸುಧಾರಿಸಬೇಕು; ದೇವಿಮನೆ ಘಟ್ಟದ ತಿರುವುಗಳಲ್ಲಿ ಸೋರಿ ನನ್ನ ಚೀಲವೆಲ್ಲ ಅಂಟಾಯಿತು.

ಮಗಳು ಮಡಗಾಂವ್‌ನಲ್ಲಿದ್ದಾಳೆ. ಅವಳಿಗೆ ಎರಡು ಬಾಟಲಿ ಕಳಿಸಿ ಅಂದೆ. ಬೆಂಗಳೂರಿಗಾದರೆ ಇವತ್ತೇ ಕಳಿಸುತ್ತೇನೆ, ಗೋವಾಕ್ಕೆ ಆಗುವುದಿಲ್ಲ ಅಂದರು ಆ ಅಕ್ಕ. ಕಾರವಾರದ ಹತ್ತಿರದ ನಮ್ಮ ಮಾಜಾಳಿ ದಾಟಿದರೆ ಗೋವಾ, ಅಲ್ವಾ? ಆದರೆ ನಿಯಮ ಹಾಗೇ ಇದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಡ. ತೆರಿಗೆ ಬೀಳುವ ಒಂದು ಬಾಟಲಿ ಬೇರೆ ರಾಜ್ಯಕ್ಕೆ ಮಾರಿದರೂ ಆ ವಿನಾಯಿತಿ ಹೋಯಿತು. ದ್ರವ ಬೆಲ್ಲಕ್ಕೆ ಮೊದಲು 18% ಇತ್ತು. 2023ರ ಮಾರ್ಚ್‌ನಿಂದ ಬಿಡಿಯಾಗಿ ಕೊಟ್ಟರೆ ತೆರಿಗೆ ಇಲ್ಲ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 5%. ಬಿಡಿ ಬೆಲ್ಲವನ್ನು ಕೊರಿಯರ್‌ನಲ್ಲಿ ಕಳಿಸುವುದು ಹೇಗೆ?

ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ 1% ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್‌ನಲ್ಲೂ ಹೊರರಾಜ್ಯಕ್ಕೆ ಮಾರುವಂತಿಲ್ಲ. ಉಳಿದದ್ದು ಪೂರ್ತಿ ನೋಂದಣಿ. ವ್ಯಾಪಾರ ಆಗದಿದ್ದರೂ ರಿಟರ್ನ್ (ತೆರಿಗೆ ಲೆಕ್ಕಪತ್ರ) ಹಾಕಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ದೊಡ್ಡ ಕಂಪನಿಯಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ. ಇಲ್ಲಿ ಬೆಲ್ಲ ತುಂಬುವವರೂ ಅವರೇ, ಲೆಕ್ಕ ಬರೆಯುವವರೂ ಅವರೇ.

ಲೇಬಲ್ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಎಲ್ಲ ಇವರ ಬಾಟಲಿ ಮೇಲಿದೆ. ತಿನ್ನುವ ವಸ್ತು, ಇರಲೇಬೇಕು. ಆದರೆ ಸೇವೆ ಕೊಡುವವರಿಗೆ 20 ಲಕ್ಷದವರೆಗೆ ಹೊರರಾಜ್ಯಕ್ಕೂ ವಿನಾಯಿತಿ ಇದೆ. ಅದನ್ನೇ ಬೆಲ್ಲ, ಉಪ್ಪಿನಕಾಯಿ ಮಾರುವವರಿಗೂ ಕೊಡಬೇಕು. ನಮ್ಮಂಥ ಗಡಿ ಜಿಲ್ಲೆಗೆ ಇದರ ಪೆಟ್ಟು ಜಾಸ್ತಿ.

ಗೋವಾದವರು ಅಂಗಡಿಗೇ ಬಂದು ಕೊಂಡು ಒಯ್ಯಬಹುದು, ಅದಕ್ಕೆ ಅಡ್ಡಿಯಿಲ್ಲ. ಫೋನ್ ಮಾಡಿದರೆ ಎತ್ತಿಡುತ್ತಾರೆ. ಹಲಸಿನ ಹಪ್ಪಳ ಬೇಕಿದ್ದರೆ ಮಳೆ ಹಿಡಿಯುವ ಮೊದಲೇ ಹೇಳಿಡಿ, ಬೇಗ ಖಾಲಿಯಾಗುತ್ತದೆ.