22 ವರ್ಷದ ಮೇಲೆ ಮತ್ತೆ ಗಾಳ ಹಿಡಿದೆ: ಕೊಂಡ ರಾಡು, ರೀಲು ಹೇಗಿವೆ

ಮೊದಲೇ ಹೇಳಿಬಿಡುತ್ತೇನೆ, ರಾಡಿಗಿಂತ (ಗಾಳದ ಕೋಲು) ರೀಲಿಗೆ (ದಾರ ಸುತ್ತುವ ಗಿರಕಿ) ಜಾಸ್ತಿ ದುಡ್ಡು ಹಾಕಿ. ಆರು ತಿಂಗಳ ಹಿಂದೆ ಯಾರಾದರೂ ಇದನ್ನು ನನಗೆ ಹೇಳಿದ್ದರೆ 1,199 ರೂಪಾಯಿ ಉಳಿಯುತ್ತಿತ್ತು.

ನಾನು ಬನಹಟ್ಟಿಯವನು. ಮನೆ ತುಂಬ ಮಗ್ಗದ ಸದ್ದು, ರವಿವಾರ ಬಂತೆಂದರೆ ಕೃಷ್ಣಾ ನದಿಯ ದಂಡೆ. ಆಗ ಗಾಳ ಅಂದರೆ ಬಿದಿರಿನ ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳ, ಅಷ್ಟೇ. ರೀಲು ಅನ್ನೋದನ್ನು ಕಣ್ಣಲ್ಲಿ ಕಂಡಿರಲಿಲ್ಲ. ಕಾಲೇಜು, ನೌಕರಿ, ಮದುವೆ ಅಂತ ಎಲ್ಲ ಬಿಟ್ಟುಹೋಯಿತು. ಈಗ ಬಾಗಲಕೋಟೆಯ ನವನಗರದಲ್ಲಿ ಇದ್ದೇನೆ, ಬೈಕ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಇಷ್ಟು ಹತ್ತಿರ ನೀರಿಟ್ಟುಕೊಂಡು ರವಿವಾರ ಮೊಬೈಲ್ ತಿಕ್ಕುತ್ತಾ ಕೂರೋದು ಯಾಕೆ ಅನಿಸಿ ಮತ್ತೆ ಶುರು ಮಾಡಿದೆ.

ಮೊದಲು ಮಾಡಿದ ತಪ್ಪು ಆ 1,199 ರೂಪಾಯಿಯ ಆನ್‌ಲೈನ್ ಸೆಟ್. ಯಾವ ಕಂಪನಿ ಅಂತ ಹೇಳಲ್ಲ, ಅಂಥವು ನೂರಾರು ಸಿಗುತ್ತವೆ. ಛತ್ರಿ ಹಾಗೆ ಒಂದರೊಳಗೊಂದು ಮಡಚುವ 7 ಅಡಿ ರಾಡು, ಒಂದು ರೀಲು, ದಾರ, ಒಂದು ಡಬ್ಬಿ ಗಾಳ. ರೀಲಿನ ಮೇಲೆ ದೊಡ್ಡದಾಗಿ 12 ಬೇರಿಂಗ್ ಅಂತ ಚೀಟಿ. ನೋಡಲು ಭಾರೀ ಚೆಂದ. ಮೊದಲ ದಿನ ನಾಲ್ಕೈದು ಸಲ ಎಸೆಯುವಷ್ಟರಲ್ಲಿ ರಾಡಿನ ತುಂಡುಗಳು ತಿರುಗಿ, ದಾರ ಹಾಯುವ ಒಂದು ರಿಂಗು ಆ ಕಡೆ, ಒಂದು ಈ ಕಡೆ. ನಮ್ಮ ಎರೆ ಮಣ್ಣು ಗೊತ್ತಲ್ವಾ, ಚಪ್ಪಲಿಗೆ ಹತ್ತಿದರೆ ಚಪ್ಪಲಿಯನ್ನೇ ನುಂಗುತ್ತದೆ. ಅದು ರಾಡಿನ ಸಂದಿಗೆ ಹೋಗಿ ಒಣಗಿತು, ಆಮೇಲೆ ಎರಡು ತುಂಡು ಹೊರಗೂ ಬರಲ್ಲ, ಒಳಗೂ ಹೋಗಲ್ಲ. ಮಡಚುವ ರಾಡು ಬಸ್ಸಲ್ಲಿ ಒಯ್ಯಲು ಸರಿ. ಕೆಸರಿಗೆ ಸರಿಯಲ್ಲ.

ರಾಡಾದರೂ ಹೋಗಲಿ, ರೀಲು ಮಾಡಿದ್ದು ನಿಜವಾದ ಮೋಸ. ಮೂರನೇ ರವಿವಾರ ಒಂದು ಒಳ್ಳೇ ಮೀನು ಸಿಕ್ಕಿತು. ರೋಹು ಇರಬೇಕು, ಮುಖ ಮಾತ್ರ ನೋಡಲಿಲ್ಲ. ಮೀನು ಜೋರಾಗಿ ಎಳೆದಾಗ ರೀಲು ತಾನಾಗಿ ದಾರ ಬಿಡಬೇಕು, ಅದಕ್ಕೇ ಡ್ರ್ಯಾಗ್ ಅಂತ ಒಂದು ತಿರುಪು ಇರೋದು. ಈ ರೀಲು ಮೊದಲು ಬಿಡಲಿಲ್ಲ. ಆಮೇಲೆ ಒಮ್ಮೆಲೇ ಬಿಟ್ಟಿತು, ಮತ್ತೆ ಹಿಡಿಯಿತು. ತುಕ್ಕು ಹಿಡಿದ ಸೈಕಲ್ ಬ್ರೇಕಿನ ಹಾಗೆ. ಆ ಜಗ್ಗಿಗೆ ಟಪ್ ಅಂತ ದಾರ ಹರಿಯಿತು. ಪಕ್ಕದಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಕಾಕಾ ತಲೆ ಎತ್ತದೇ ಅಂದರು, "ತಮ್ಮಾ, ಮೀನ ಹೋತಂತ ಚಿಂತಿ ಬ್ಯಾಡ, ಆ ಗಿರಕಿ ಮೊದಲ ಒಗಿ." ಎಸೆದೇ ಬಿಟ್ಟೆ.

ಆಮೇಲೆ ಆನ್‌ಲೈನ್ ಸಹವಾಸ ಬೇಡ ಅಂತ ಹುಬ್ಬಳ್ಳಿಗೆ ಹೋಗಿ, ಅಂಗಡಿಯಲ್ಲಿ ನಿಂತು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದೆ. ಬೇರಿಂಗ್ ಎಷ್ಟು ಅಂತ ಕೇಳಲೇ ಇಲ್ಲ. 12 ಕೆಟ್ಟ ಬೇರಿಂಗಿಗಿಂತ 3 ಒಳ್ಳೇವು ವಾಸಿ. ಹಿಡಿಕೆ ತಿರುಗಿಸಿ ಕಿವಿ ಹತ್ತಿರ ಹಿಡಿದೆ, ಗರಗರ ಅಂದದ್ದನ್ನೆಲ್ಲ ಪಕ್ಕಕ್ಕಿಟ್ಟೆ. ಹಿಡಿಕೆಯನ್ನು ಹಿಂದಕ್ಕೆ ಒತ್ತಿದರೆ ಸಡಿಲ ಆಡಬಾರದು. ದಾರ ಹಾದುಹೋಗುವ ಕಡೆ ಒಂದು ಪುಟ್ಟ ಗಾಲಿ ಇರುತ್ತದೆ, ಅದು ಉಗುರು ತಾಗಿಸಿದರೆ ತಿರುಗಬೇಕು. ತಿರುಗದಿದ್ದರೆ ದಾರ ಅಲ್ಲೇ ಸವೆದು ಹರಿಯುತ್ತದೆ. ಕೊನೆಗೆ ಡ್ರ್ಯಾಗ್ ಅರ್ಧ ಬಿಗಿ ಮಾಡಿ ದಾರ ಎಳೆಯಿರಿ, ಬೆಣ್ಣೆ ಹಾಗೆ ಬರಬೇಕು. ಇಷ್ಟರಲ್ಲಿ ಪಾಸಾದದ್ದು ಶಿಮಾನೊ ಸಿಯೆನಾ, 4000 ಸೈಜು (ಇದು ಬೆಲೆ ಅಲ್ಲ, ರೀಲಿನ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ರೀಲು ದೊಡ್ಡದು). ಸೈಕಲ್ ಗೇರ್ ಮಾಡುವ ಅದೇ ಜಪಾನಿನ ಶಿಮಾನೊ, 1921ರಲ್ಲಿ ಶುರುವಾದದ್ದು. ನಾನು ಕೊಟ್ಟದ್ದು 2,650 ರೂಪಾಯಿ. ಕಟ್ಲಾ, ರೋಹು, ಗೆಂಡೆ ಇಂಥವಕ್ಕೆ 3000 ಅಥವಾ 4000 ಸೈಜು ಸಾಕು. ಬರೀ ಜಿಲೇಬಿ ಮೀನು ಹಿಡಿಯುತ್ತೇನೆ ಅನ್ನುವವರು 2500 ಸೈಜು ತಗೊಳ್ಳಿ, ಕೈಗೆ ಹಗುರ.

ಇಲ್ಲಿ ಒಂದು ಮಾತು ಹೇಳಲೇಬೇಕು, ನೇಕಾರರ ಮಗ ನೋಡಿ. ಈ ಥರದ ರೀಲಿನಲ್ಲಿ ಎಸೆಯುವಾಗ ದಾರದ ಉರುಳೆ ತಿರುಗುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ, ದಾರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಮಗ್ಗದ ಲಾಳಿಯೊಳಗಿನ ಕಂಡಿಕೆ, ಅಂದರೆ ನೂಲು ಸುತ್ತಿದ ಸಣ್ಣ ಕೊಳವೆ! ಲಾಳಿ ಆ ಕಡೆ ಈ ಕಡೆ ಓಡುತ್ತದೆ, ಕಂಡಿಕೆ ತಿರುಗುವುದಿಲ್ಲ, ನೂಲು ತುದಿಯಿಂದ ಬಿಚ್ಚಿಕೊಳ್ಳುತ್ತದೆ. ಆಮೇಲೆ ಓದಿದಾಗ ಗೊತ್ತಾಯಿತು, 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ತಗೊಂಡ ಆಲ್ಫ್ರೆಡ್ ಇಲಿಂಗ್‌ವರ್ತ್ ಇಂಗ್ಲೆಂಡಿನ ಬಟ್ಟೆ ಗಿರಣಿಯವನು, ಗಿರಣಿಯ ನೂಲಿನ ಉರುಳೆ ನೋಡಿಯೇ ಈ ವಿಚಾರ ಹೊಳೆದದ್ದಂತೆ. ನಮ್ಮವನೇ ಅನಿಸಿಬಿಟ್ಟ.

ಊರಿಗೆ ಹೋದಾಗ ಅವ್ವನಿಗೆ ತೋರಿಸಿದೆ. ಅವಳು 40 ವರ್ಷ ರಾಟಿ ಮುಂದೆ ಕೂತು ಕಂಡಿಕೆ ಸುತ್ತಿದವಳು. ಕನ್ನಡಕ ಏರಿಸಿ, ದಾರದ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. "ಸಡ್ಲ ಸುತ್ತೀಯಲ್ಲೋ, ಮ್ಯಾಲಿನ ಎಳಿ ಒಳಗ ಸಿಗತೈತಿ." ಅದೇ ಆಗುತ್ತಿತ್ತು! ಎಸೆದಾಗಲೆಲ್ಲ ನಾಲ್ಕಾರು ಸುತ್ತು ಒಟ್ಟಿಗೆ ಹಾರಿ ಗಂಟು ಬೀಳುತ್ತಿತ್ತು, ನಾನು ರೀಲನ್ನು ಬೈಯುತ್ತಿದ್ದೆ. ಪೂರ್ತಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಮತ್ತೆ ಸುತ್ತಿದೆ. ಉರುಳೆಯ ಅಂಚಿಗೆ 2 ಮಿಲಿಮೀಟರ್ ಬಿಟ್ಟು ನಿಲ್ಲಿಸಿದೆ. ಅದಕ್ಕಿಂತ ತುಂಬಿದರೆ ಉದುರುತ್ತದೆ, ತೀರಾ ಕಡಿಮೆಯಾದರೆ ದೂರ ಹೋಗಲ್ಲ. ಅವತ್ತಿನಿಂದ ಗಂಟಿನ ಕಾಟ ಬಹುಪಾಲು ಹೋಗಿದೆ.

ದಾರ 0.30 ಮಿಲಿಮೀಟರಿನದು, ಡಬ್ಬಿ ಮೇಲೆ 7 ಕೆಜಿ ತಡೆಯುತ್ತದೆ ಅಂತ ಇದೆ. ಗಂಟು ಹಾಕಿದ ಕಡೆ ಅಷ್ಟು ಬಲ ಇರಲ್ಲ. ಡ್ರ್ಯಾಗನ್ನು ದಾರದ ಬಲದ ಕಾಲುಭಾಗಕ್ಕೆ, ಜಾಸ್ತಿ ಅಂದರೆ ಮೂರನೇ ಒಂದು ಭಾಗಕ್ಕೆ ಇಡಬೇಕು, 7 ಕೆಜಿ ದಾರಕ್ಕೆ ಅದು ಸುಮಾರು 2 ಕೆಜಿ. ತಕ್ಕಡಿ ಇಲ್ಲದವರಿಗೆ ಸುಲಭ ಉಪಾಯ: 2 ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ, ರೀಲನ್ನು ಕೈಯಲ್ಲಿ ಹಿಡಿದು ಎತ್ತಿ. ಬಾಟಲಿ ನಿಧಾನಕ್ಕೆ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬಿಗಿ ಜಾಸ್ತಿ, ದಪ್ ಅಂತ ಬಿದ್ದರೆ ಕಡಿಮೆ. ಗೆಂಡೆ ಜಾತಿಯ ಮೀನುಗಳ ತುಟಿ ಮೆತ್ತಗೆ, ಬಿಗಿ ಜಾಸ್ತಿಯಾದರೆ ದಾರ ತಡೆದರೂ ತುಟಿ ಹರಿದು ಮೀನು ಹೋಗುತ್ತದೆ.

ಇನ್ನು ರಾಡು. ಅಂಗಡಿಯವರು 7 ಅಡಿಯದ್ದೇ ಸಾಕು ಅಂದರು. ಅವರು ನಮ್ಮ ದಂಡೆ ನೋಡಿಲ್ಲ. ಹಿನ್ನೀರಿನ ಅಂಚಿನಲ್ಲಿ ಕೆಸರು, ಆಪಿನ ಹುಲ್ಲು, ನೀರೊಳಗೆ ಮುಳುಗಿದ ಜಾಲಿ ಗಿಡದ ಬೊಡ್ಡೆ. ಅಲ್ಲೆಲ್ಲ ಒಂದು ಕಾಲಕ್ಕೆ ಹೊಲ ಇದ್ದವು, ಆಲಮಟ್ಟಿ ತುಂಬಿದ ಮೇಲೆ ಹಳೇ ಬಾಗಲಕೋಟೆಯ ಮನೆಗಳೇ ನೀರಿಗೆ ಹೋಗಿವೆ, ಗಿಡ ಯಾವ ಲೆಕ್ಕ. ಇಂಥ ಕಡೆ ದಾರವನ್ನು ಎತ್ತರದಲ್ಲಿ ಹಿಡಿಯಬೇಕು. ಅದೂ ಅಲ್ಲದೆ ಕೃಷ್ಣಾ, ಘಟಪ್ರಭಾ ಎರಡರಲ್ಲೂ ಮೊಸಳೆ ಇವೆ. ನೀರಿನ ತುದಿಗೆ ಕುಕ್ಕರುಗಾಲಲ್ಲಿ ಕೂರೋದು ಬೇಡವೇ ಬೇಡ. ನಾನು ದಂಡೆಯಿಂದ ಹಿಂದೆ, ಸ್ವಲ್ಪ ಎತ್ತರದಲ್ಲಿ ನಿಲ್ಲುತ್ತೇನೆ. ಅದಕ್ಕೇ 10 ಅಡಿಯ, ಎರಡು ತುಂಡಿನ ರಾಡು ತಗೊಂಡೆ, 1,400 ರೂಪಾಯಿ.

ಅದು ಫೈಬರ್ ಗ್ಲಾಸ್. ಕಾರ್ಬನ್ ಇನ್ನೂ ಹಗುರ, ಮೀನು ಮುಟ್ಟಿದ್ದು ಕೈಗೆ ಬೇಗ ಗೊತ್ತಾಗುತ್ತದೆ, ಅದು ನಿಜ. ಆದರೆ ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ನಮ್ಮ ಹೊಳೆದಂಡೆ ಉದ್ದಕ್ಕೂ ಕಬ್ಬಿನ ಪಂಪ್‌ಸೆಟ್ಟಿನ ತಂತಿ, ಕೆಲವು ಕಡೆ ಜೋತು ಬಿದ್ದು ತಲೆಗೆ ತಾಗುವ ಹಾಗಿರುತ್ತವೆ. 10 ಅಡಿ ಕಾರ್ಬನ್ ಕೋಲು ಎತ್ತಿಕೊಂಡು ಅದರ ಕೆಳಗೆ ನಡೆಯೋದು ನನ್ನಿಂದಾಗಲ್ಲ. ಫೈಬರ್ ಗ್ಲಾಸ್ ಆದರೂ ಒದ್ದೆಯಾಗಿದ್ದರೆ ನಂಬಬೇಡಿ, ತಂತಿ ಕೆಳಗೆ ಹೋಗುವಾಗ ಬಿಚ್ಚಿ ಅಡ್ಡ ಹಿಡಿಯಿರಿ.

ರಾಡಿನ ಬುಡದಲ್ಲಿ 40-80 ಗ್ರಾಂ ಅಂತ ಬರೆದಿದೆ, ಎಸೆಯುವ ತೂಕ ಅದು. ಸೀಸದ ಗುಂಡು 30 ಗ್ರಾಂ, ಅದರ ಜೊತೆ ನಿಂಬೆಹಣ್ಣಿನಷ್ಟು ಶೇಂಗಾ ಹಿಂಡಿ ಮತ್ತು ಜೋಳದ ಹಿಟ್ಟಿನ ಉಂಡೆ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಹೀಗೆ ತಳಕ್ಕೆ ಬಿಟ್ಟರೆ ಮೃಗಾಲ್, ಗೆಂಡೆ. ಕಟ್ಲಾ ಮೇಲ್ಪದರದ ಮೀನು, ಅದಕ್ಕೆ ಬೆಂಡು ಕಟ್ಟಿ.

ಕೊರತೆ ಇಲ್ಲ ಅಂತಲ್ಲ. ರಾಡು ಭಾರ, ಎರಡು ಗಂಟೆ ಹಿಡಿದರೆ ಮಣಿಕಟ್ಟು ನೋಯುತ್ತದೆ, ಕವೆಕೋಲು ನೆಟ್ಟು ಅದರ ಮೇಲಿಡುತ್ತೇನೆ. ತುದಿ ಸ್ವಲ್ಪ ದಪ್ಪ, ಸಣ್ಣ ಮೀನು ಮುಟ್ಟಿದರೆ ತಿಳಿಯೋದೇ ಇಲ್ಲ, ಹುಳ ತಿಂದು ಹೋಗಿರುತ್ತವೆ. ಬೈಕಿಗೆ ಕಟ್ಟಿದಾಗ ಮುಂದೆ ಹಿಂದೆ ಕೋಲು ಚಾಚಿಕೊಂಡು, ನೋಡಿದವರು ಟಿವಿ ಆಂಟೆನಾ ಅಂದುಕೊಳ್ಳುತ್ತಾರೆ. ರೀಲಿನ ಹಿಡಿಕೆ ಮಾತ್ರ ಇನ್ನೂ ಸದ್ದು ಮಾಡಿಲ್ಲ. ಪ್ರತಿ ಸಲ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಸಡಿಲ ಮಾಡಿ ಇಡುತ್ತೇನೆ. ಬಿಗಿ ಮಾಡಿಯೇ ಇಟ್ಟರೆ ಒಳಗಿನ ವಾಷರ್ ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ.

ಕೆರೆಗೆ ಹೋಗುವವರು ಮೊದಲು ವಿಚಾರಿಸಿ, ಬಹಳಷ್ಟು ಕೆರೆಗಳನ್ನು ಮೀನಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಆ ಹಳೇ ಸೆಟ್ಟಿನ ರಾಡನ್ನು ಹೆಂಡತಿ ಜೇಡರ ಬಲೆ ತೆಗೆಯಲು ಇಟ್ಟುಕೊಂಡಿದ್ದಾಳೆ. ಎರಡು ತುಂಡು ಸಿಕ್ಕಿಕೊಂಡಿದ್ದರೂ ಮೂಲೆಗೆ ಸರಿಯಾಗಿ ಮುಟ್ಟುತ್ತದಂತೆ.